ಹೇಳುವವರಿದ್ದಾರೆ, ಕೇಳುವವರು ಬೇಕು



ನಮ್ಮ ಕುಟುಂಬಗಳಲ್ಲಿ ಅನೇಕರು ಕಾರ್ಖಾನೆ, ಆಸ್ಪತ್ರೆ, ಶಾಲೆ, ಕಚೇರಿಗಳಲ್ಲಿ ನಾಲ್ಕು ಜನರ ಕೆಲಸ ನೋಡಿಕೊಳ್ಳುವವರು. 'ನಮ್ಮ ಕೈಕೆಳಗಿನವರು ಹೇಳಿದಷ್ಟೇ ಮಾಡುತ್ತಾರೆ, ಸ್ವಂತ ಯೋಚನೆಯೇ ಇಲ್ಲ' ಎಂಬ ದೂರು ಅವರಿಂದ ಆಗಾಗ ಕೇಳಿಬರುತ್ತದೆ. ಯೋಚನೆ ಇಲ್ಲವೋ, ಹೇಳುವ ಧೈರ್ಯ ಇಲ್ಲವೋ ಎಂಬುದನ್ನು ನಾವು ಮೊದಲು ಕೇಳಿಕೊಳ್ಳಬೇಕು.

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ವೆಳ್ಳಕೋಯಿಲ್ ವಿದ್ಯುತ್ ಮಗ್ಗಗಳ ಊರು. ಆ ಕೊಯಮತ್ತೂರು ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರೂ ತಲೆಮಾರುಗಳಿಂದ ನೆಲೆಸಿದ್ದಾರೆ. ನೇಯ್ದ ಬಟ್ಟೆಯ ಅಳತೆಯಂತೆ ಕೂಲಿ ಸಿಗುವ ಕಡೆ, ಮಗ್ಗ ನಿಂತರೆ ಕೂಲಿಯೂ ನಿಂತಂತೆ. ನೂಲು ಪದೇ ಪದೇ ಏಕೆ ತುಂಡಾಗುತ್ತದೆ ಎಂಬುದು ದಿನವಿಡೀ ಮಗ್ಗದ ಮುಂದೆ ನಿಲ್ಲುವವರಿಗೆ ಗೊತ್ತು. ಆದರೆ ಮಗ್ಗ ನಿಲ್ಲಿಸಿ ಬೇರೊಂದು ರೀತಿ ಮಾಡಿ ನೋಡಿದರೆ ಕೂಲಿಗೆ ಕತ್ತರಿ, ಮೇಲೆ ಮೇಸ್ತ್ರಿಯ ಬೈಗುಳ. ಹಾಗಿರುವಾಗ ಅವರು ಬಾಯಿ ಬಿಡುವುದಾದರೂ ಏಕೆ?

ಜಪಾನಿನ ಬಡಗಿಯೊಬ್ಬರ ಮಗ ಸಾಕಿಚಿ ಟೊಯೋಡಾ, ಹೊಕ್ಕಿನ ನೂಲು ತುಂಡಾದೊಡನೆ ತಾನಾಗಿಯೇ ನಿಲ್ಲುವ ಯಂತ್ರಮಗ್ಗವನ್ನು ರೂಪಿಸಿದರು. ನಿಂತದ್ದು ನಷ್ಟವಾಗಲಿಲ್ಲ; ಬಟ್ಟೆ ಕೆಡುವುದು ತಪ್ಪಿತು. ಅವರ ಮಗ ಆರಂಭಿಸಿದ ಟೊಯೋಟಾ ಕಾರು ಕಂಪನಿ ಇದೇ ಪಾಠವನ್ನು ಮುಂದುವರಿಸಿತು. ದೋಷ ಕಂಡ ಕೆಲಸಗಾರ ಹಗ್ಗ ಎಳೆದರೆ ಮೇಲ್ವಿಚಾರಕ ಅಲ್ಲಿಗೆ ಬರಬೇಕು, ಅಗತ್ಯವಾದರೆ ಕೆಲಸವೇ ನಿಲ್ಲಬೇಕು. ಕೆಲಸಗಾರರಿಂದ ಸಲಹೆ ಪಡೆಯುವ ಯೋಜನೆಯನ್ನು ಆ ಕಂಪನಿ 1951ರಲ್ಲಿ ಆರಂಭಿಸಿತು.

ಇಷ್ಟು ಮಾಡಲು ದೊಡ್ಡ ಕಂಪನಿಯೇ ಬೇಕೆಂದಿಲ್ಲ. ಸಲಹೆ ಬಂದಾಗ ವಾರದೊಳಗೆ ಉತ್ತರ ಕೊಡೋಣ. ಆಗದಿದ್ದರೆ ಏಕೆ ಆಗದೆಂದು ತಿಳಿಸೋಣ. ಒಂದೇ ಮಗ್ಗದಲ್ಲಿ, ಒಂದೇ ಮೇಜಿನಲ್ಲಿ ಮಾಡಿ ನೋಡಲು ಬಿಡೋಣ. ಆ ಹೊತ್ತಿನ ಕೂಲಿ ಕಡಿಯದಿರೋಣ. ಪ್ರಯತ್ನ ಸೋತರೆ ನಾಲ್ವರ ಮುಂದೆ ಹೀಯಾಳಿಸದಿರೋಣ. ಗೆದ್ದರೆ ಯೋಚನೆ ಯಾರದೋ ಅವರ ಹೆಸರನ್ನೇ ಮೇಲಿನವರಿಗೆ ಹೇಳೋಣ.

ಇನ್ನೊಂದು ಮಾತು. ಕೆಲಸ ಬೇಗ ಮುಗಿಯುವ ದಾರಿ ತೋರಿಸಿದವರ ಕೆಲಸಕ್ಕೇ ಸಂಚಕಾರ ಬಂದರೆ, ಮರುದಿನದಿಂದ ಎಲ್ಲರ ಬಾಯಿಗೂ ಬೀಗ. ಲಾಭದಲ್ಲಿ ಅವರಿಗೂ ಪಾಲಿದೆ ಎಂಬ ಭರವಸೆ ಇದ್ದಲ್ಲಿ ಮಾತ್ರ ಹೊಸ ಯೋಚನೆ ಹುಟ್ಟುತ್ತದೆ.

ನಾಳೆ ಕೆಲಸಕ್ಕೆ ಹೋದಾಗ ಅತಿ ಕಡಿಮೆ ಮಾತನಾಡುವವರ ಬಳಿ ಹೋಗಿ, 'ಇದನ್ನು ನೀವಾದರೆ ಹೇಗೆ ಮಾಡುತ್ತೀರಿ?' ಎಂದು ಕೇಳೋಣ. ಕೇಳಿದ ಮೇಲೆ, ಉತ್ತರ ಬರುವ ತನಕ ಸುಮ್ಮನಿರೋಣ.