ತಲೆವಸ್ತ್ರಕ್ಕೆ ಬೇರೆ ಬೇರೆ ಅಳತೆಗೋಲು

ಬೆಂಗಳೂರಿನ ದೀಪಾಂಜಲಿ ನಗರ ಮೆಟ್ರೋ ನಿಲ್ದಾಣದ ಮೆಟ್ಟಿಲಲ್ಲಿ ತಲೆ ಮೇಲೆ ಸೆರಗು ಹೊದ್ದ ಉತ್ತರ ಕರ್ನಾಟಕದ ಅಜ್ಜಿ, ಶಿರವಸ್ತ್ರದ ಕ್ರೈಸ್ತ ಸನ್ಯಾಸಿನಿ, ಹಿಜಾಬ್ ತೊಟ್ಟ ಕಾಲೇಜು ಹುಡುಗಿ ಒಟ್ಟಿಗೇ ಎದುರಾಗಬಹುದು. ಮೊದಲ ಇಬ್ಬರಲ್ಲಿ ಮರ್ಯಾದೆ, ತ್ಯಾಗ ಕಾಣುವ ನಾವು ಹುಡುಗಿಯಲ್ಲಿ ಮಾತ್ರ ದಬ್ಬಾಳಿಕೆ ಕಾಣುವುದು ಸರಿಯಲ್ಲ. ಮನೆಯವರ ಒತ್ತಾಯ ಯಾವ ಧರ್ಮದಲ್ಲೂ ಇರಬಹುದು, ಸ್ವಂತ ಇಚ್ಛೆಯೂ ಇರಬಹುದು, ಅವಳನ್ನೇ ಕೇಳಬೇಕು.

ಉಡುಪಿಯ ಕಾಲೇಜಿನಲ್ಲಿ ಹಿಜಾಬ್ ವಿವಾದ ಎದ್ದ ಮೇಲೆ ಸರ್ಕಾರ 2022ರ ಫೆಬ್ರುವರಿ 5ರಂದು ಹೊರಡಿಸಿದ ಸಮವಸ್ತ್ರ ಆದೇಶವನ್ನು ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಿಂದ ಬಂದದ್ದು ಭಿನ್ನ ತೀರ್ಪು. ಹುಡುಗಿಯರ ಓದೇ ಮುಖ್ಯವೆಂದರು ನ್ಯಾಯಮೂರ್ತಿ ಸುಧಾಂಶು ಧುಲಿಯಾ. ನಮ್ಮ ನಿಲುವೂ ಅದೇ. ಇರಾನಿನಲ್ಲಿ ತೊಡಿಸುವ ಬಲವಂತ ತಪ್ಪಾದರೆ, ಕಾಲೇಜು ಗೇಟಿನಲ್ಲಿ ತೆಗೆಸುವುದೂ ತಪ್ಪು. ಆ ವಿವಾದದ ವೇಳೆ ಓದು ಬಿಟ್ಟ ಹುಡುಗಿಯರನ್ನು ಹುಡುಕಿ ಮತ್ತೆ ತರಗತಿಗೆ ಕರೆತರುವ ಹೊಣೆಯನ್ನು ಶಿಕ್ಷಣ ಇಲಾಖೆ ಹೊರಬೇಕು.