ಹುಲ್ಲು ಕತ್ತರಿಸುವ ಯಂತ್ರವೂ ನಮ್ಮ ವಿವೇಕವೂ

ವಿಶಾಲವಾದ ಹುಲ್ಲುಹಾಸಿನ ಮೇಲೆ ಪುಟ್ಟ ಟ್ರ್ಯಾಕ್ಟರಿನಂತಹ ಗಾಡಿಯೊಂದು ಮೆಲ್ಲಗೆ ಸಾಗುತ್ತಿರುತ್ತದೆ. ಅದರ ಮೇಲೆ ಒಬ್ಬನು ನೆಮ್ಮದಿಯಿಂದ ಕುಳಿತು ಚಕ್ರ ತಿರುಗಿಸುತ್ತಿರುತ್ತಾನೆ. ಅವನು ಹಾದುಹೋದ ದಾರಿಯಲ್ಲಿ ಹುಲ್ಲು ಜಮಖಾನೆಯಂತೆ ಸಮನಾಗಿ ಕಾಣುತ್ತದೆ. ನೋಡುವವರಿಗೆ ಇದು ದುಡಿಮೆಯೆಂದು ತೋರದೆ ವಿಹಾರವೆಂದೇ ತೋರುವುದು ಸಹಜ. ಈ ತೋರಿಕೆಯೇ ಅಪಾಯದ ಮೊದಲ ಕಾರಣವೆಂಬುದು ನಮ್ಮ ಅಭಿಪ್ರಾಯ. ಹುಲಿಯನ್ನು ಕಂಡವನು ಎಚ್ಚರವಾಗಿರುತ್ತಾನೆ. ಹಸುವೆಂದು ನಂಬಿದವನು ಕೊಂಬಿನ ಯೋಚನೆಯನ್ನೇ ಮಾಡುವುದಿಲ್ಲ.

ಹುಲ್ಲು ಕತ್ತರಿಸುವ ಯಂತ್ರವನ್ನು ಮೊದಲು ರಚಿಸಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಉಣ್ಣೆ ಬಟ್ಟೆಯ ಮೇಲಿನ ನವಿರನ್ನು ಸವರುವ ಗಿರಣಿ ಯಂತ್ರದಿಂದ ಅವನಿಗೆ ಈ ಕಲ್ಪನೆ ಹೊಳೆಯಿತು. 1830ರಲ್ಲಿ ಅವನು ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಯಂತ್ರವನ್ನು ಕೈಯಿಂದಲೇ ತಳ್ಳಬೇಕಾಗಿತ್ತು. ತಳ್ಳುವವನು ನಿಂತರೆ ಅಲಗೂ ನಿಲ್ಲುತ್ತಿತ್ತು. ಪೆಟ್ರೋಲ್ ಎಂಜಿನ್ ಬಂದ ಮೇಲೆ ಈ ಸಂಬಂಧ ಕಡಿದುಹೋಯಿತು. ಈಗ ಮನುಷ್ಯನು ನಿಂತರೂ, ಇಳಿದರೂ, ಬಿದ್ದರೂ ಅಲಗು ತನ್ನಷ್ಟಕ್ಕೆ ತಾನು ತಿರುಗುತ್ತಿರಬಲ್ಲದು. ಇಂದಿನ ಸುರಕ್ಷತೆಯ ಸಮಸ್ಯೆಯೆಲ್ಲವೂ ಈ ಒಂದು ಬದಲಾವಣೆಯಿಂದ ಹುಟ್ಟಿದುದು ಎನ್ನಬಹುದು.

ಮೇಲೆ ಕುಳಿತು ನಡೆಸುವ ಯಂತ್ರಗಳು ಅಮೆರಿಕದ ಉಪನಗರಗಳಲ್ಲಿ ಅತಿ ಸಾಮಾನ್ಯ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇವುಗಳ ಪರಿಚಯವುಂಟು. ನಮ್ಮ ನಾಡಿನಲ್ಲಿ ಅವು ಗಾಲ್ಫ್ ಮೈದಾನ, ಕ್ರೀಡಾಂಗಣ, ದೊಡ್ಡ ವಿದ್ಯಾಸಂಸ್ಥೆಗಳ ಆವರಣ ಮೊದಲಾದ ಕಡೆಗಳಲ್ಲಿ ಕಾಣಸಿಗುತ್ತವೆ. ಅಲ್ಲಿ ಆಡುವವರೂ ಓಡಾಡುವವರೂ ವಿದ್ಯಾರ್ಥಿಗಳೇ. ಆದುದರಿಂದ ಈ ಯಂತ್ರದ ಒಳಗೇನು ನಡೆಯುತ್ತದೆಂಬುದನ್ನು ಅವರು ಅರಿತಿರಬೇಕು.

ಗಾಡಿಯ ಹೊಟ್ಟೆಯ ಕೆಳಗೆ ಬೋಗುಣಿಯನ್ನು ಕವುಚಿಟ್ಟಂತಹ ಲೋಹದ ಕವಚವಿದೆ. ಅದರೊಳಗೆ ಅಲಗುಗಳು ತಿರುಗುತ್ತವೆ. ಒಂದು ಅಲಗಿನ ಉದ್ದ 50 ಸೆಂಟಿಮೀಟರು, ಅದು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಅದರ ತುದಿ ಒಂದು ಸುತ್ತಿಗೆ ಸುಮಾರು 1.57 ಮೀಟರು ಚಲಿಸುತ್ತದೆ. ಸೆಕೆಂಡಿಗೆ 50 ಸುತ್ತಾದುದರಿಂದ ತುದಿಯ ವೇಗ ಸೆಕೆಂಡಿಗೆ ಸುಮಾರು 78 ಮೀಟರು, ಅಂದರೆ ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚು. ಅಲಗಿಗೆ ಎರಡು ಕೊನೆಗಳಿವೆಯಷ್ಟೆ. ಹೀಗಾಗಿ ಒಂದೇ ಸೆಕೆಂಡಿನಲ್ಲಿ ಒಂದೇ ಜಾಗಕ್ಕೆ 100 ಹೊಡೆತಗಳು ಬೀಳುತ್ತವೆ. ಅಪಾಯವನ್ನು ಕಂಡೊಡನೆ ಕಾಲನ್ನು ಹಿಂದೆಗೆಯುತ್ತೇವೆ ಎಂಬ ಧೈರ್ಯಕ್ಕೆ ಇಲ್ಲಿ ಅವಕಾಶವೇ ಇಲ್ಲ.

ಹುಲ್ಲಿನಲ್ಲಿ ಅಡಗಿದ್ದ 50 ಗ್ರಾಂ ತೂಕದ ಕಲ್ಲೊಂದು ಈ ಅಲಗಿಗೆ ಸಿಕ್ಕಿ, ಸೆಕೆಂಡಿಗೆ 70 ಮೀಟರು ವೇಗದಿಂದ ಹೊರಗೆ ಹಾರಿತೆನ್ನೋಣ. ಅದರ ಚಲನಶಕ್ತಿ ಸುಮಾರು 120 ಜೂಲ್ ಆಗುತ್ತದೆ. ಗಂಟೆಗೆ 140 ಕಿಲೋಮೀಟರು ವೇಗದಿಂದ ಬರುವ ಕ್ರಿಕೆಟ್ ಚೆಂಡಿನ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಆದರೆ ಆ ಚೆಂಡನ್ನು ಎದುರಿಸುವವನು ಶಿರಸ್ತ್ರಾಣ ಧರಿಸಿ, ಕೈಯಲ್ಲಿ ಬ್ಯಾಟು ಹಿಡಿದು ಸಿದ್ಧನಾಗಿ ನಿಂತಿರುತ್ತಾನೆ. ಮೈದಾನದ ಅಂಚಿನಲ್ಲಿ ಬೆನ್ನು ತಿರುಗಿಸಿ ಕುಳಿತು ಓದುತ್ತಿರುವ ಹುಡುಗನಿಗೆ ಆ ಸಿದ್ಧತೆಯಿಲ್ಲ. ಕತ್ತರಿಸುವ ಮೊದಲು ನೆಲದ ಮೇಲಿನ ಕಲ್ಲು, ಕಡ್ಡಿ, ತಂತಿಗಳನ್ನು ಆಯ್ದು ತೆಗೆಯಬೇಕೆಂದೂ, ಹುಲ್ಲು ಹೊರಬೀಳುವ ಬಾಯಿಯ ಮುಚ್ಚಳವನ್ನು ಕಳಚಬಾರದೆಂದೂ ಹೇಳುವುದು ಇದಕ್ಕಾಗಿಯೇ.

ಕಡಿದುಹೋದ ಹಳೆಯ ಸಂಬಂಧವನ್ನು ಮತ್ತೆ ಜೋಡಿಸಲು ಎಂಜಿನಿಯರರು ಒಂದು ಸರಳವಾದ ಉಪಾಯ ಮಾಡಿದ್ದಾರೆ. ಆಸನದ ಕೆಳಗೆ ಒಂದು ಸ್ವಿಚ್ಚುಂಟು. ಅಲಗು ತಿರುಗುತ್ತಿರುವಾಗ ಚಾಲಕನು ಎದ್ದರೆ ಸಾಕು, ಎಂಜಿನ್ನಾಗಲಿ ಅಲಗಿನ ಚಾಲನೆಯಾಗಲಿ ತಾನಾಗಿಯೇ ಕಡಿದುಹೋಗುತ್ತದೆ. ತಳ್ಳಿಕೊಂಡು ಹೋಗುವ ಯಂತ್ರಗಳ ವಿಷಯದಲ್ಲಿ ಅಮೆರಿಕದ ಸರ್ಕಾರವು 1982ರಲ್ಲಿ ಕಟ್ಟಳೆಯೊಂದನ್ನು ಜಾರಿಗೆ ತಂದಿತು: ಹಿಡಿಕೆಯನ್ನು ಬಿಟ್ಟ 3 ಸೆಕೆಂಡುಗಳೊಳಗೆ ಅಲಗು ನಿಲ್ಲತಕ್ಕದ್ದು. ಮೇಲೆ ಕುಳಿತು ನಡೆಸುವ ಯಂತ್ರಗಳು ಈ ಕಟ್ಟಳೆಗೆ ಒಳಪಟ್ಟಿಲ್ಲ. ಅವುಗಳಿಗೆ ತಯಾರಕರು ತಾವಾಗಿ ಒಪ್ಪಿಕೊಂಡ ಮಾನಕಗಳುಂಟು.

ಇಷ್ಟು ಮಾಡಿದ ಮೇಲೆ ನಡೆಯುವುದೇನು? ಏರುತಗ್ಗಿನ ನೆಲದಲ್ಲಿ ಚಾಲಕನು ಕುಳಿತಲ್ಲೇ ಕುಲುಕಿದಾಗ ಸ್ವಿಚ್ಚು ಸಡಿಲಗೊಂಡು ಎಂಜಿನ್ ನಿಲ್ಲುತ್ತದೆ. ದಾರಿಯಲ್ಲಿ ಬಿದ್ದ ಕೊಂಬೆಯನ್ನು ತೆಗೆಯಲು ಇಳಿದಾಗಲೆಲ್ಲ ಮತ್ತೆ ಚಾಲೂ ಮಾಡಬೇಕಾಗುತ್ತದೆ. ಬೇಸತ್ತವನು ಒಂದು ತುಂಡು ತಂತಿಯಿಂದ ಸ್ವಿಚ್ಚನ್ನು ಶಾಶ್ವತವಾಗಿ ಜೋಡಿಸಿಬಿಡುತ್ತಾನೆ. ಕೆಲಸ ಬೇಗ ಮುಗಿಯುತ್ತದೆ; ‘ಎಷ್ಟು ಜಾಣ’ ಎಂಬ ಹೆಸರೂ ಬರುತ್ತದೆ. ಈ ಜಾಣತನವನ್ನು ನಾವು ಒಪ್ಪಲಾರೆವು. ಕುಲುಕಿದ ಮಾತ್ರಕ್ಕೆ ನಿಲ್ಲುವ ಸ್ವಿಚ್ಚಿಗೆ ಬೇಕಾದುದು ದುರಸ್ತಿಯೇ ಹೊರತು ತಂತಿಯಲ್ಲ. ಮನೆಯ ಫ್ಯೂಸು ಪದೇ ಪದೇ ಹೋಗುತ್ತದೆಂದು ಅಲ್ಲಿ ದಪ್ಪ ತಂತಿ ಹಾಕುವವನು ಕಷ್ಟವನ್ನು ನಿವಾರಿಸಲಿಲ್ಲ, ಅದರ ಸೂಚನೆಯನ್ನು ಮಾತ್ರ ಅಳಿಸಿದನು.

ಯಂತ್ರದ ಮೇಲೆ ತನ್ನ ಮಗುವನ್ನು ತೊಡೆಯಲ್ಲಿ ಕೂರಿಸಿಕೊಂಡು ಸುತ್ತಾಡಿಸುವ ಅಭ್ಯಾಸವೂ ಇಂಥದೇ. ಸವಾರಿಯ ರುಚಿ ಕಂಡ ಮಗು ಮಾರನೆಯ ದಿನ ಶಬ್ದ ಕೇಳಿದೊಡನೆ ಗಾಡಿಯ ಹಿಂದೆ ಓಡಿಬರುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಅದರ ಕೂಗು ಚಾಲಕನಿಗೆ ಕೇಳಿಸದು. ಅವನು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಾನೆ. ಮುಂದಿನದನ್ನು ಬರೆಯಲು ನಮಗೆ ಮನಸ್ಸಾಗದು. ಹಿಂದಕ್ಕೆ ಚಲಿಸುವಾಗ ಅಲಗು ತಾನಾಗಿ ನಿಲ್ಲುವ ಏರ್ಪಾಟು ಅನೇಕ ಯಂತ್ರಗಳಲ್ಲಿ ಇರುವುದು ಇಂತಹ ದುರಂತಗಳ ಕಾರಣದಿಂದಲೇ. ಕೆಲಸ ನಡೆಯುವಾಗ ಮಕ್ಕಳು ಆ ಅಂಗಳದಲ್ಲಿಯೇ ಇರಕೂಡದೆಂಬುದು ಇದಕ್ಕಿಂತಲೂ ಉತ್ತಮವಾದ ಏರ್ಪಾಟು.

ಇಳಿಜಾರಿನ ವಿಷಯದಲ್ಲಿ ಗುರುತ್ವಕೇಂದ್ರದ ಪಾಠವನ್ನು ನೆನಪಿಗೆ ತಂದುಕೊಳ್ಳಬೇಕು. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಚಕ್ರಗಳ ನಡುವೆ ಬೀಳುವ ತನಕ ಗಾಡಿ ಮಗುಚುವುದಿಲ್ಲ. ಚಾಲಕನು ಮೇಲೆ ಕುಳಿತಾಗ ಆ ಕೇಂದ್ರ ಮೇಲಕ್ಕೇರುತ್ತದೆ. ಒಂದು ಚಕ್ರ ಗುಂಡಿಗಿಳಿದರೆ ಅಥವಾ ಗಾಡಿ ಸರಕ್ಕನೆ ತಿರುಗಿದರೆ ರೇಖೆ ಹೊರಕ್ಕೆ ಸರಿಯುತ್ತದೆ. ಆದುದರಿಂದಲೇ 15 ಡಿಗ್ರಿಗಿಂತ ಕಡಿದಾದ ಇಳಿಜಾರಿಗೆ ಹೋಗಕೂಡದೆಂದು ಅನೇಕ ತಯಾರಕರು ಎಚ್ಚರಿಸುತ್ತಾರೆ. 4 ಮೀಟರು ದೂರಕ್ಕೆ ಸುಮಾರು 1 ಮೀಟರು ಏರಿದರೆ ಅದೇ 15 ಡಿಗ್ರಿ. ಕಣ್ಣಿಗೆ ಅದು ದೊಡ್ಡ ಏರೆಂದು ಕಾಣದು. ತಳ್ಳುವ ಯಂತ್ರವನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಬೇಕು. ಕುಳಿತು ನಡೆಸುವುದನ್ನಾದರೋ ನೇರವಾಗಿ ಮೇಲಕ್ಕೂ ಕೆಳಕ್ಕೂ ನಡೆಸಬೇಕು. ಮೊದಲನೆಯದರಲ್ಲಿ ಕಾಲು ಜಾರಿ ಅಲಗಿಗೆ ಸಿಕ್ಕುವ ಭಯ, ಎರಡನೆಯದರಲ್ಲಿ ಗಾಡಿ ಪಕ್ಕಕ್ಕೆ ಉರುಳುವ ಭಯ. ಒದ್ದೆ ಹುಲ್ಲಿನ ಮೇಲೆ ಚಕ್ರಗಳಿಗೆ ಹಿಡಿತವಿರುವುದಿಲ್ಲವಾದುದರಿಂದ ಮಳೆ ನಿಂತೊಡನೆ ಇಳಿಜಾರಿಗೆ ಇಳಿಯುವುದು ಅವಿವೇಕ.

ಯಂತ್ರವನ್ನು ಶುಚಿಗೊಳಿಸುವ ಮತ್ತು ಸಾಣೆ ಹಿಡಿಸುವ ಕಾಲದಲ್ಲಿಯೂ ಅಪಾಯ ತಪ್ಪಿದ್ದಲ್ಲ. ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು, ಅಲಗು ಪೂರ್ತಿ ನಿಂತಿತೆಂದು ಖಚಿತವಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿಡಬೇಕು. ಎಂಜಿನ್ನಿಗೆ ನೇರವಾಗಿ ಜೋಡಿಸಿದ ಅಲಗಿನಲ್ಲಂತೂ, ಅಲಗನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ ಚಲಿಸಿ, ಕಿಡಿ ಹಾರಿ, ಎಂಜಿನ್ ಚಾಲೂ ಆಗುವ ಸಂಭವವುಂಟು. ಗಾಡಿಯನ್ನು ಬರಿಯ ಜಾಕಿನ ಮೇಲೆ ಎತ್ತಿ ಕೆಳಗೆ ಕೈಹಾಕಬಾರದು. ಗಟ್ಟಿಯಾದ ಆಧಾರ ಕೊಡಬೇಕು. ಪೆಟ್ರೋಲ್ ತುಂಬುವುದು ಎಂಜಿನ್ ತಣ್ಣಗಾದ ಬಳಿಕವೇ, ಅದೂ ಬಯಲಿನಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಹರಡಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಓಡಿಸಿದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷ ಸೇರಿಕೊಳ್ಳುತ್ತದೆ.

ಈ ನಿಯಮಗಳನ್ನು ಕಂಠಪಾಠ ಮಾಡಿದರೆ ಸಾಕೇ? ಸಾಲದು. ಕೂಲಿಗೆ ದುಡಿಯುವ ಮಾಲಿಯ ಕೈಗೆ ಯಂತ್ರವನ್ನು ಕೊಟ್ಟು, ಅವನು ಓದಲಾರದ ಭಾಷೆಯಲ್ಲಿರುವ ಕೈಪಿಡಿಯನ್ನು ಕಪಾಟಿನಲ್ಲಿಟ್ಟು, ಸಂಜೆಯೊಳಗೆ ಮೈದಾನ ಸಿದ್ಧವಾಗಬೇಕೆಂದು ಅವಸರಪಡಿಸಿದರೆ, ಸ್ವಿಚ್ಚಿಗೆ ತಂತಿ ಕಟ್ಟಿದ ಕೈ ಅವನದಾದರೂ ಹೊಣೆ ಯಜಮಾನನದೇ. ಕಲಿಸದೆ ಯಂತ್ರವನ್ನು ಒಪ್ಪಿಸಕೂಡದು; ‘ಈ ಸ್ಥಿತಿಯಲ್ಲಿ ನಡೆಸಲಾರೆ’ ಎನ್ನುವ ಕೆಲಸಗಾರನನ್ನು ಗದರಿಸಕೂಡದು. ನಮ್ಮ ದೇಶದಲ್ಲಿ ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ಅನೇಕ ರೈತರು ಅಂಗವಿಕಲರಾದ ಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಈ ಪದ್ಧತಿ ಎಂದಿಗೆ ತಪ್ಪೀತು?

ವಿದ್ಯಾರ್ಥಿ ಮಿತ್ರರಲ್ಲಿ ಹಲವರು ಮುಂದೆ ಎಂಜಿನಿಯರರಾಗುವರು, ಕೆಲವರು ಯಜಮಾನರಾಗುವರು. ರಕ್ಷಣೆಯ ಮುಚ್ಚಳ, ಆಸನದ ಸ್ವಿಚ್ಚು ಇವು ಯಂತ್ರಕ್ಕೆ ಅಂಟಿಸಿದ ಅಡಚಣೆಗಳಲ್ಲ, ಯಂತ್ರದ ಅಂಗಗಳೇ ಎಂಬ ಭಾವನೆ ಈಗಲೇ ಬೇರೂರಬೇಕು. ಚಕ್ರವಿಲ್ಲದ ಗಾಡಿಯನ್ನು ಯಾರೂ ಹೊರಡಿಸುವುದಿಲ್ಲ. ಸ್ವಿಚ್ಚು ಕೆಟ್ಟ ಯಂತ್ರವನ್ನೂ ಹಾಗೆಯೇ ಕಾಣಬೇಕು. ನಿಮ್ಮ ಕಾಲೇಜಿನ ಮೈದಾನಕ್ಕೆ ಇಂತಹ ಗಾಡಿ ಬಂದಾಗ ದೂರ ಸರಿಯಿರಿ. ಅದು ನಿಂತ ಮೇಲೆ ಮಾಲಿಯನ್ನು ಮಾತನಾಡಿಸಿ ಆಸನದ ಕೆಳಗಿನ ಸ್ವಿಚ್ಚು ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸಿರಿ. ಅಲ್ಲಿ ತಂತಿಯ ತುಂಡು ಇದೆಯೆಂದು ತಿಳಿದರೆ ಪ್ರಾಂಶುಪಾಲರಿಗೆ ತಿಳಿಸಿರಿ. ಹುಲ್ಲು ಒಂದು ದಿನ ತಡವಾಗಿ ಕತ್ತರಿಸಿದರೆ ಇನ್ನೊಂದಂಗುಲ ಬೆಳೆದೀತು. ಮನುಷ್ಯನ ಕಾಲು ಮತ್ತೆ ಬೆಳೆಯುವುದಿಲ್ಲ.