ಕಂದು ಎಂಬುದು ಯಾವ ಬಣ್ಣ?

ಅರಸೀಕೆರೆ ತಾಲ್ಲೂಕಿನ ಜಾವಗಲ್ ಸುತ್ತಿನ ತೆಂಗಿನ ತೋಟಗಳಲ್ಲಿ ಹಸಿರಳಿದು ಉದುರಿದ ಗರಿಯನ್ನು ಕಂದು ಬಣ್ಣದ್ದೆಂದರೆ ಯಾರೂ ತಕರಾರು ಮಾಡರು. ಅದೇ ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಉಳಿ ಆಡಿದ ಗುಡಿಯದು. ಅದರ ಬಳಪದ ಕಲ್ಲಿನ ಗೋಡೆಗಳು ಏಳು ನೂರಕ್ಕೂ ಮಿಕ್ಕ ವರ್ಷಗಳ ಬಿಸಿಲು ಮಳೆಗೆ ಕಂದಿವೆ ಎಂದರೂ ಮಾತು ಸರಿಯೇ. ಆದರೆ ಗರಿಯದು ಕಾಫಿಪುಡಿಯ ಬಣ್ಣ. ಗೋಡೆಯದು ಕಪ್ಪಿಗೆ ತಿರುಗಿದ ಬೂದಿ. ಕೆಟ್ಟ ಸುದ್ದಿ ಕೇಳಿದವರ ಮುಖ ಕಂದಿತೆನ್ನುವಾಗ ಈ ಎರಡೂ ಬಣ್ಣಗಳಿಲ್ಲ. ಹಾಗಾದರೆ ಕಂದು ಎಂದರೇನು?

ಈ ಪದ ಮೂಲದಲ್ಲಿ ಕ್ರಿಯಾಪದ. ಬಾಡು, ಕಾಂತಿಗುಂದು, ಬಿಸಿಲಿಗೋ ಬೆಂಕಿಗೋ ಕಪ್ಪೇರು ಎಂಬುದು ಇದರ ಅರ್ಥ. ತಮಿಳಿನಲ್ಲಿರುವ ಇದರ ಒಡಹುಟ್ಟು ‘ಕನ್ಱು’. ಬಿಸಿಲಿಗೆ ಸೀಯುವುದಕ್ಕೂ, ಪೆಟ್ಟು ಬಿದ್ದ ಮೈ ನೀಲಿಗಟ್ಟುವುದಕ್ಕೂ ಅಲ್ಲಿ ಅದೇ ಮಾತು. ನಕಾರದ ಬೆನ್ನಿಗೆ ಬಂದ ತಮಿಳಿನ ಶಕಟರೇಫ ಕನ್ನಡದಲ್ಲಿ ದಕಾರವಾಗುವುದುಂಟು: ಅವರ ‘ಒನ್ಱು’ ನಮ್ಮ ಒಂದು, ‘ಪನ್ಱಿ’ ಹಂದಿ, ‘ಕುನ್ಱು’ ಕುಂದು. ಕನ್ಱು ಕಂದಾದುದೂ ಈ ದಾರಿಯಲ್ಲಿಯೇ.

ಬಣ್ಣಗಳಿಗೆ ವಸ್ತುಗಳ ಹೆಸರಿಡುವುದು ಲೋಕರೂಢಿ. ಸ್ಪೇನಿನ ಪೂರ್ವ ಕರಾವಳಿಯ ಕ್ಯಾಟಲನ್ ಭಾಷೆಯಲ್ಲಿ ಕಂದುಬಣ್ಣಕ್ಕೆ ‘ಮರ್ರೋ’ ಎನ್ನುತ್ತಾರೆ. ಅದು ಫ್ರೆಂಚರ ‘ಮರೋನ್’, ಅರ್ಥಾತ್ ಚೆಸ್ಟ್‌ನಟ್ ಕಾಯಿ. ನಮ್ಮಲ್ಲಿಯೂ ನೇರಳೆ, ಕಿತ್ತಳೆ ಇವೆ. ಸೀರೆಯ ಅಂಗಡಿಯಲ್ಲಿ ಕಾಫಿಪುಡಿಯೂ ಬಣ್ಣವೇ. ಕಂದು ಮಾತ್ರ ಯಾವ ಕಾಯಿಯನ್ನೂ ತೋರಿಸದು. ವಸ್ತುವಿನ ಮೊದಲ ಕಳೆ ಹೋಯಿತೆಂಬ ಸಂಗತಿಯನ್ನು ಅದು ಹೇಳುತ್ತದೆ. ಗರಿ, ಗೋಡೆ, ಮುಖ ಮೂರಕ್ಕೂ ಅದು ಒಪ್ಪುವುದು ಆದುದರಿಂದಲೇ.

ಇಂದು ಮಕ್ಕಳು ಕೆಂಪು, ಹಸಿರುಗಳ ಸಾಲಿನಲ್ಲಿ ಕಂದನ್ನೂ ಕಲಿಯುತ್ತಾರೆ. ಪೆನ್ಸಿಲಿಗೆ, ಬೂಟಿಗೆ ಆ ಹೆಸರು ಸಲ್ಲುತ್ತದೆ, ಬಾಧಕವಿಲ್ಲ. ಮನುಷ್ಯರ ವಿಷಯ ಬಂದಾಗ ಮಾತ್ರ ಎಚ್ಚರ ಬೇಕು. ಇಂಗ್ಲಿಷಿನ ಬ್ರೌನ್ ಎಂಬುದನ್ನು ತರ್ಜುಮೆ ಮಾಡಿ ‘ಕಂದು ಚರ್ಮದವರು’ ಎಂದು ಬರೆಯುವಾಗ, ಹುಟ್ಟಿನಿಂದಲೇ ಹೊಳೆಯುವ ಮೈಗೆ ಬಾಡಿದ ಹೂವಿನ ಮಾತು ಅಂಟುತ್ತದೆ. ಆ ಮೈ ಏನನ್ನೂ ಕಳೆದುಕೊಂಡುದಲ್ಲ. ಅದಕ್ಕೆ ಕನ್ನಡದ ಮನೆಗಳಲ್ಲಿ ‘ಎಣ್ಣೆಗೆಂಪು’ ಎಂಬ ತುಂಬಿದ ಮಾತೊಂದು ಬಳಕೆಯಲ್ಲಿದೆ.